ಡಯಟ್ ಕಾಯಿಲೆಯಾಗುವ ಮುನ್ನ: ಕಾಲೇಜು ವಿದ್ಯಾರ್ಥಿಗಳಿಗೂ ಅವರ ಜೊತೆಗಿರುವವರಿಗೂ ಒಂದು ಮಾರ್ಗದರ್ಶಿ

ಕಾಲೇಜಿನ ಮೊದಲ ವರ್ಷದಲ್ಲಿ ಊಟದ ಕ್ರಮವೇ ತಲೆಕೆಳಗಾಗುತ್ತದೆ. ಹೊತ್ತು ಹೊತ್ತಿಗೆ ಬಡಿಸುವವರು ಜೊತೆಗಿಲ್ಲ, ಊಟವಾಯಿತೇ ಎಂದು ಕೇಳುವವರಿಲ್ಲ. ತರಗತಿಗೆ ತಡವಾಯಿತೆಂದು ಬೆಳಗಿನ ತಿಂಡಿ ತಪ್ಪುತ್ತದೆ, ಪರೀಕ್ಷೆ ಬಂತೆಂದು ಮಧ್ಯಾಹ್ನದ ಊಟ ತಪ್ಪುತ್ತದೆ. ಅದೇ ಕಾಲಕ್ಕೆ, ಹೊಸಬರ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆ ಎಂಬ ಅಳುಕೂ ಹೆಚ್ಚುತ್ತದೆ. ಈಟಿಂಗ್ ಡಿಸಾರ್ಡರ್ ಎಂದು ವೈದ್ಯರು ಕರೆಯುವ, ಊಟದೊಂದಿಗಿನ ನಂಟೇ ಕೆಡುವ ಮನಸ್ಸಿನ ಕಾಯಿಲೆಗಳು ಬಹುಪಾಲು ಹದಿಹರೆಯದಿಂದ ಇಪ್ಪತ್ತೈದರ ಆಸುಪಾಸಿನೊಳಗೆ ತಲೆ ಎತ್ತುತ್ತವೆ. ಕಾಲೇಜಿನ ವರ್ಷಗಳು ಬರುವುದು ಸರಿಯಾಗಿ ಆ ಅವಧಿಯಲ್ಲೇ.

ಇವುಗಳನ್ನು ತಡೆಯಲು ಹೊರಟವರು ಸಾಮಾನ್ಯವಾಗಿ ತೂಕವನ್ನು ನೋಡುತ್ತಾರೆ. ನೋಡಬೇಕಾದದ್ದು ಊಟವನ್ನು. ಯಾರು ಎಷ್ಟು ತೆಳ್ಳಗಿದ್ದಾರೆ ಎನ್ನುವುದಕ್ಕಿಂತ ಯಾರು ಊಟ ಬಿಡುತ್ತಿದ್ದಾರೆ, ಯಾರು ಊಟಕ್ಕೆ ಹೆದರುತ್ತಿದ್ದಾರೆ ಎನ್ನುವುದು ಬಹಳ ಮೊದಲೇ ಸುಳಿವು ಕೊಡುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ನಂಬಿಕೆಯ ಮೇಲೆ ನಿಂತಿವೆ.

ಕಾಯಿಲೆ ಯಾವುದೆಂದು ಮೊದಲು ತಿಳಿಯಿರಿ

ಮುಖ್ಯವಾಗಿ ಮೂರು ಬಗೆಗಳಿವೆ. ದಪ್ಪಗಾಗುವ ಭಯದಿಂದ ಊಟವನ್ನು ಕಡಿಮೆ ಮಾಡುತ್ತಲೇ ಹೋಗುವುದು, ಸೊರಗಿದ ಮೇಲೂ ತಾನು ದಪ್ಪವೆಂದೇ ನಂಬುವುದು ಅನೊರೆಕ್ಸಿಯಾ. ಕೈಮೀರಿ ತಿಂದು, ಆಮೇಲೆ ವಾಂತಿ, ಭೇದಿ ಮಾತ್ರೆ, ಉಪವಾಸ ಅಥವಾ ಮಿತಿಮೀರಿದ ವ್ಯಾಯಾಮದಿಂದ ಅದನ್ನು ಸರಿದೂಗಿಸಲು ಹೆಣಗುವುದು ಬುಲಿಮಿಯಾ. ಹೊಟ್ಟೆ ಬಿರಿಯುವಂತಾದರೂ ನಿಲ್ಲಿಸಲಾಗದೆ, ಬಹಳ ಸಲ ಗುಟ್ಟಾಗಿ ತಿಂದು, ಆಮೇಲೆ ನಾಚಿಕೆಯಿಂದ ಕುಗ್ಗುವುದು ಬಿಂಜ್ ಈಟಿಂಗ್. ಇದರಲ್ಲಿ ತಿಂದದ್ದನ್ನು ಹೊರಹಾಕುವ ಯತ್ನ ಇರುವುದಿಲ್ಲ.

ಇದು ಮೊಬೈಲ್ ಕಾಲದ ಖಯಾಲಿ ಎನ್ನುವವರಿದ್ದಾರೆ. ಲಂಡನ್ನಿನ ವೈದ್ಯ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ವೈದ್ಯ ಶಾರ್ಲ್ ಲಾಸೆಗ್ ಅನೊರೆಕ್ಸಿಯಾವನ್ನು ವಿವರಿಸಿದ್ದು 1873ರಲ್ಲಿ. ಬುಲಿಮಿಯಾವನ್ನು ಬ್ರಿಟನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದರು. ಬಿಂಜ್ ಈಟಿಂಗ್ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಲ್ಲಿ ಸ್ವತಂತ್ರ ಸ್ಥಾನ ಪಡೆದದ್ದು 2013ರಲ್ಲಿ. ಇದು ಹಠವೂ ಅಲ್ಲ, ಶೋಕಿಯೂ ಅಲ್ಲ, ತಂದೆತಾಯಿ ಸರಿಯಾಗಿ ಬೆಳೆಸಲಿಲ್ಲ ಎನ್ನುವುದಕ್ಕೆ ಸಾಕ್ಷಿಯೂ ಅಲ್ಲ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಆನುವಂಶಿಕತೆಯ ಪಾಲು ದೊಡ್ಡದಾಗಿಯೇ ಕಂಡಿದೆ. ಅದರ ಜೊತೆಗೆ ಆತಂಕದ ಸ್ವಭಾವ, ಎಲ್ಲವೂ ಅಚ್ಚುಕಟ್ಟಾಗಿರಲೇಬೇಕೆಂಬ ಹಟ, ಮೈಕಟ್ಟಿನ ಬಗ್ಗೆ ಅನುಭವಿಸಿದ ಲೇವಡಿ ಇವೆಲ್ಲ ಸೇರಿದಾಗ ಅಪಾಯ ಹೆಚ್ಚುತ್ತದೆ.

ಒಂದು ಮಾತನ್ನು ಇಲ್ಲಿಯೇ ಒತ್ತಿ ಹೇಳಬೇಕು. ನೋಡಿದೊಡನೆ ಈ ಕಾಯಿಲೆ ಗೊತ್ತಾಗುವುದಿಲ್ಲ. ಬುಲಿಮಿಯಾ ಇರುವ ಅನೇಕರ ತೂಕ ಸಾಮಾನ್ಯವಾಗಿಯೇ ಇರುತ್ತದೆ. ದಪ್ಪಗಿದ್ದವರು ಊಟ ಬಿಟ್ಟು ವೇಗವಾಗಿ ಇಳಿದರೆ ಅವರ ಹೃದಯಕ್ಕೂ ಅಪಾಯ ಅಷ್ಟೇ ಇದೆ. ಜನ ಮಾತ್ರ ಅವರನ್ನು ಅಭಿನಂದಿಸುತ್ತಿರುತ್ತಾರೆ. ಹುಡುಗರಿಗೂ ಬರುತ್ತದೆ. ಅವರಲ್ಲಿ ಅನೇಕರಿಗೆ ತೆಳ್ಳಗಾಗುವುದಕ್ಕಿಂತ ಸ್ನಾಯು ಬೆಳೆಸುವ, ಹೊಟ್ಟೆಯ ಕೊಬ್ಬು ಕರಗಿಸುವ ಗೀಳು ಹೆಚ್ಚು. ಹಾಗಾಗಿ ಅವರ ನರಳಾಟ ಶಿಸ್ತಿನ ಹೆಸರಿನಲ್ಲಿ ಮುಚ್ಚಿಹೋಗುತ್ತದೆ.

ಹೆಜ್ಜೆ 1: ಊಟದ ಹೊತ್ತನ್ನು ಬಿಡಬೇಡಿ

ಎಲ್ಲ ಹೆಜ್ಜೆಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಯಾಕೆ ಎನ್ನುವುದಕ್ಕೆ ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವೊಂದನ್ನು ತಿಳಿಯಬೇಕು. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲು ಒಪ್ಪದ 36 ಯುವಕರನ್ನು ಅವರ ಸಮ್ಮತಿಯಿಂದಲೇ ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿ ಎಂದು ಪರೀಕ್ಷಿಸಿ ಆರಿಸಿದವರು ಅವರು. ತೂಕ ಸುಮಾರು ಕಾಲುಭಾಗ ಇಳಿಯುವ ಹೊತ್ತಿಗೆ ಅವರ ಸ್ವಭಾವವೇ ಬದಲಾಗಿತ್ತು. ದಿನವಿಡೀ ಊಟದ್ದೇ ಯೋಚನೆ. ಅಡುಗೆ ಪುಸ್ತಕಗಳನ್ನು ಓದುವುದು, ತಟ್ಟೆಯಲ್ಲಿದ್ದದ್ದನ್ನು ಚೂರು ಚೂರು ಮಾಡಿ ಗಂಟೆಗಟ್ಟಲೆ ತಿನ್ನುವುದು, ಸಿಡುಕುವುದು, ಜೊತೆಯವರಿಂದ ದೂರ ಸರಿಯುವುದು, ಖಿನ್ನರಾಗುವುದು. ಪ್ರಯೋಗ ಮುಗಿದ ಮೇಲೆ ಕೆಲವರು ಎಷ್ಟು ತಿಂದರೂ ನಿಲ್ಲಿಸಲಾಗದೆ ಕಷ್ಟಪಟ್ಟರು.

ಅವರಲ್ಲಿ ಯಾರೂ ತೆಳ್ಳಗಾಗಬೇಕೆಂದು ಊಟ ಬಿಟ್ಟವರಲ್ಲ. ಹಾಗಿದ್ದೂ ಕಾಯಿಲೆಯ ಅರ್ಧ ಲಕ್ಷಣಗಳು ಅವರಲ್ಲಿ ಕಾಣಿಸಿಕೊಂಡವು. ಹಸಿವು ಮನಸ್ಸನ್ನು ಹೇಗೆ ತಿರುಚುತ್ತದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಯೋಗ ಇನ್ನೊಂದಿಲ್ಲವೆಂದೇ ನನ್ನ ಭಾವನೆ. ದಿನವೆಲ್ಲ ಊಟ ತಡೆದು ರಾತ್ರಿ ಕೈಮೀರಿ ತಿಂದ ವಿದ್ಯಾರ್ಥಿನಿ ತನಗೆ ಮನೋಬಲವಿಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಅದು ಮನೋಬಲದ ಸೋಲಲ್ಲ. ಉಪವಾಸಕ್ಕೆ ದೇಹ ಕೊಡುವ ಉತ್ತರ.

ಆದ್ದರಿಂದ ಮಾಡಬೇಕಾದದ್ದು ಇಷ್ಟು. ದಿನಕ್ಕೆ ಮೂರು ಊಟ, ನಡುವೆ ಎರಡು ಬಾರಿ ಲಘುವಾಗಿ ಏನಾದರೂ. ಎಚ್ಚರವಿರುವ ಹೊತ್ತಿನಲ್ಲಿ ಮೂರ್ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಬುಲಿಮಿಯಾ ಮತ್ತು ಬಿಂಜ್ ಈಟಿಂಗ್ ಚಿಕಿತ್ಸೆಯಲ್ಲಿ ಚಿಕಿತ್ಸಕರು ಮೊದಲ ವಾರಗಳಲ್ಲೇ ಹಾಕಿಕೊಡುವ ಕ್ರಮ ಇದೇ. ಕಾಯಿಲೆ ಬರುವ ಮೊದಲೇ ಇದನ್ನು ರೂಢಿಸಿಕೊಳ್ಳುವುದರಲ್ಲಿ ನಷ್ಟವೇನೂ ಇಲ್ಲ. ಸೆಮಿಸ್ಟರ್ ಶುರುವಾದಾಗ ತರಗತಿಗಳ ವೇಳಾಪಟ್ಟಿಯಲ್ಲೇ ಊಟದ ಹೊತ್ತನ್ನೂ ಬರೆದಿಡಿ. ಬೆಳಗ್ಗೆ ಸಮಯವಿಲ್ಲದವರು ಹಿಂದಿನ ರಾತ್ರಿಯೇ ಚೀಲದಲ್ಲಿ ತಿನ್ನುವುದನ್ನು ಇಟ್ಟುಕೊಳ್ಳಿ. ವಾರಕ್ಕೆ ಕೆಲವು ಊಟಗಳನ್ನಾದರೂ ಜೊತೆಗಾರರೊಂದಿಗೆ ಮಾಡಿ, ಪುಸ್ತಕ, ಮೊಬೈಲ್ ಪಕ್ಕಕ್ಕಿಟ್ಟು. ಒಂದು ಹೊತ್ತು ಅತಿಯಾಗಿ ತಿಂದಿರೆಂದು ಮುಂದಿನ ಹೊತ್ತು ಬಿಡಬೇಡಿ. ಬಿಟ್ಟರೆ ಅತಿಯಾದ ಹಸಿವು, ಅದರಿಂದ ಮತ್ತೆ ಅತಿಯಾದ ಊಟ. ಈ ಸುತ್ತಿಗೆ ಸಿಕ್ಕಿದವರು ಹೊರಬರಲು ತಿಂಗಳುಗಟ್ಟಲೆ ಬೇಕಾಗುತ್ತದೆ.

ಪರೀಕ್ಷೆಯ ವಾರವೇ ಈ ಕ್ರಮಕ್ಕೆ ದೊಡ್ಡ ಸವಾಲು. ಓದು ಮುಗಿದ ಮೇಲೆ ಊಟ ಎನ್ನುವ ನಿಯಮವನ್ನು ತಿರುಗಿಸಿ ಹಾಕಿ: ಊಟವಾದ ಮೇಲೆ ಓದು.

ಹೆಜ್ಜೆ 2: ಡಯಟ್ ಶುರುಮಾಡುವ ಮುನ್ನ ನಿಲ್ಲಿ

ಆಸ್ಟ್ರೇಲಿಯಾದ ಶಾಲಾ ವಿದ್ಯಾರ್ಥಿಗಳನ್ನು ಮೂರು ವರ್ಷ ಹಿಂಬಾಲಿಸಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೀವ್ರ ಡಯಟ್ ಮಾಡಿದ ಹುಡುಗಿಯರಲ್ಲಿ ಈಟಿಂಗ್ ಡಿಸಾರ್ಡರ್ ಬರುವ ಸಂಭವ ಡಯಟ್ ಮಾಡದವರಿಗಿಂತ 18 ಪಟ್ಟು ಹೆಚ್ಚಿತ್ತು. ಮಧ್ಯಮ ಮಟ್ಟದ ಡಯಟ್ ಮಾಡಿದವರಲ್ಲೂ ಅದು 5 ಪಟ್ಟು. ಡಯಟ್ ಮಾಡಿದವರೆಲ್ಲ ಕಾಯಿಲೆ ಬೀಳುವುದಿಲ್ಲ, ನಿಜ. ಆದರೆ ಯಾರು ಬೀಳುತ್ತಾರೆಂದು ಮೊದಲೇ ಹೇಳಲು ಬರುವುದಿಲ್ಲ.

ಒಂದು ಬಗೆಯ ಆಹಾರವನ್ನೇ ಪೂರ್ತಿ ಬಿಡಿ ಎನ್ನುವ, ಇಂತಿಷ್ಟು ದಿನದಲ್ಲಿ ಇಂತಿಷ್ಟು ತೂಕ ಎಂದು ಮಾತು ಕೊಡುವ, ಆಹಾರವನ್ನು ಶುದ್ಧ, ಅಶುದ್ಧ ಎಂದು ಭಾಗ ಮಾಡುವ ಯಾವ ಯೋಜನೆಯನ್ನೂ ನಂಬಬೇಡಿ. ಕ್ಯಾಲೊರಿ ಎಣಿಸುವ ಆ್ಯಪ್ ಮೊದಲು ಕುತೂಹಲದಂತೆ ಕಾಣುತ್ತದೆ. ಅದಿಲ್ಲದೆ ತುತ್ತು ಎತ್ತಲಾಗದು ಎನಿಸಿದ ದಿನವೇ ಅಳಿಸಿಹಾಕಿ. ಕೋಣೆಯಲ್ಲಿ ತೂಕದ ಯಂತ್ರ ಇರಲೇಬೇಕಾದ ಕಾರಣ ಬಹುತೇಕ ವಿದ್ಯಾರ್ಥಿಗಳಿಗೆ ಇಲ್ಲ. ಆರೋಗ್ಯದ ಕಾರಣಕ್ಕೆ ತೂಕ ಇಳಿಸಬೇಕೆಂದು ವೈದ್ಯರೇ ಹೇಳಿದ್ದರೆ ಅವರ ಅಥವಾ ಆಹಾರತಜ್ಞರ ನಿಗಾದಲ್ಲೇ ಮಾಡಿ. ಹಿಂದೆಂದಾದರೂ ಊಟದೊಂದಿಗೆ ಗುದ್ದಾಡಿದ್ದರೆ ಅದನ್ನು ಮೊದಲೇ ತಿಳಿಸಿ.

ಭೇದಿ ಮಾತ್ರೆಗಳ ಬಗ್ಗೆ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಆಹಾರದ ಸತ್ವ ಹೀರಿಕೆಯಾಗುವುದು ಸಣ್ಣ ಕರುಳಿನಲ್ಲಿ. ಈ ಮಾತ್ರೆಗಳ ಕೆಲಸ ಬಹುಮಟ್ಟಿಗೆ ದೊಡ್ಡ ಕರುಳಿನಲ್ಲಿ. ಹೊರಗೆ ಹೋಗುವುದು ನೀರು ಮತ್ತು ಲವಣ, ಕೊಬ್ಬಲ್ಲ. ಪೊಟ್ಯಾಸಿಯಂ ಕುಸಿದರೆ ಹೃದಯದ ಬಡಿತ ತಪ್ಪುತ್ತದೆ. ಪದೇ ಪದೇ ವಾಂತಿ ಮಾಡಿಕೊಳ್ಳುವವರಿಗೂ ಇದೇ ಅಪಾಯ, ಮೇಲೆ ಹಲ್ಲಿನ ಎನಾಮಲ್ ಸವೆಯುತ್ತದೆ. ಟೈಪ್ 1 ಮಧುಮೇಹ ಇರುವ ವಿದ್ಯಾರ್ಥಿಗಳು ತೂಕಕ್ಕಾಗಿ ಇನ್ಸುಲಿನ್ ತಪ್ಪಿಸುವುದುಂಟು. ಅದು ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರಬಹುದು; ಅಂತಹ ಯೋಚನೆ ಬಂದರೂ ಸಾಕು, ವೈದ್ಯರಿಗೆ ಹೇಳಿ.

ಹೆಜ್ಜೆ 3: ಮೈಯ ಮಾತನ್ನು ಬಿಡಿ

ಸಿಕ್ಕ ಕೂಡಲೇ ‘ದಪ್ಪಗಾಗಿದ್ದೀಯ’, ‘ಸೊರಗಿದ್ದೀಯ’ ಎನ್ನುವುದು ಎಷ್ಟೋ ಜನರಿಗೆ ಕುಶಲ ವಿಚಾರಿಸುವ ರೀತಿ. ಕೇಳಿಸಿಕೊಂಡವರು ವರ್ಷಗಟ್ಟಲೆ ಅದನ್ನು ಮರೆಯುವುದಿಲ್ಲ. ಲೇವಡಿಯಷ್ಟೇ ಹೊಗಳಿಕೆಯೂ ಅಪಾಯ. ‘ಎಷ್ಟು ಸಣ್ಣಗಾಗಿದ್ದೀಯ, ಏನು ಮಾಡಿದೆ?’ ಎಂದು ಕೇಳಿಸಿಕೊಂಡ ಹುಡುಗಿ ಊಟ ಬಿಟ್ಟೇ ಸಣ್ಣಗಾಗಿದ್ದರೆ, ಆ ಮಾತು ಅವಳ ಕಾಯಿಲೆಗೆ ಸಿಕ್ಕ ಬಹುಮಾನ. ‘ನೋಡಿ ಬಹಳ ದಿನವಾಯಿತು, ಹೇಗಿದ್ದೀಯ, ಓದು ಹೇಗೆ ಸಾಗಿದೆ?’ ಎಂದರೆ ಪ್ರೀತಿಗೆ ಏನೂ ಕಡಿಮೆಯಾಗುವುದಿಲ್ಲ. ತನ್ನ ಮೈಯನ್ನೇ ತಾನು ಜರೆದುಕೊಳ್ಳುವ ಮಾತೂ ಗೆಳತಿಯರ ಗುಂಪಿನಲ್ಲಿ ಬೇಗ ಹರಡುತ್ತದೆ. ಒಬ್ಬಳು ಶುರುಮಾಡಿದರೆ ಉಳಿದವರೂ ತಮ್ಮ ತಮ್ಮ ಕೊರತೆಗಳನ್ನು ಎಣಿಸತೊಡಗುತ್ತಾರೆ. ಯಾರಾದರೂ ಒಬ್ಬರು ಮಾತು ತಿರುಗಿಸಿದರೆ ಸಾಕು.

ಕಾಲೇಜುಗಳು ಇನ್ನೂ ಮುಂದೆ ಹೋಗಬಹುದು. ಎರಿಕ್ ಸ್ಟೈಸ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ರೂಪಿಸಿದ ‘ಬಾಡಿ ಪ್ರಾಜೆಕ್ಟ್’ ಎಂಬ ಕಾರ್ಯಕ್ರಮ, ಈ ಕ್ಷೇತ್ರದಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿ ಗೆದ್ದಿರುವಂಥದ್ದು. ಅದರಲ್ಲಿ ಉಪನ್ಯಾಸವಿಲ್ಲ. ತೆಳ್ಳಗಿನ ಮೈಯೇ ಚೆಂದ ಎಂಬ ಆದರ್ಶದ ವಿರುದ್ಧ ವಿದ್ಯಾರ್ಥಿನಿಯರೇ ವಾದ ಮಾಡುತ್ತಾರೆ. ಆ ಆದರ್ಶದ ಬೆನ್ನು ಹತ್ತಿದರೆ ಹಣ, ಸಮಯ, ಆರೋಗ್ಯ, ಗೆಳೆತನದಲ್ಲಿ ಏನೇನು ಕಳೆಯುತ್ತದೆ ಎಂದು ಸೇರಿ ಪಟ್ಟಿ ಮಾಡುತ್ತಾರೆ. ತಮಗಿಂತ ಚಿಕ್ಕ ಹುಡುಗಿಯೊಬ್ಬಳಿಗೆ ಅದನ್ನು ವಿವರಿಸಿ ಪತ್ರ ಬರೆಯುತ್ತಾರೆ. ಡಯಟ್ ಹಿಡಿದ ಗೆಳತಿಯ ಮನವೊಲಿಸುವುದನ್ನು ಅಭಿನಯಿಸಿ ನೋಡುತ್ತಾರೆ. ತಾನು ಬಾಯಿಬಿಟ್ಟು ವಾದಿಸಿದ್ದಕ್ಕೂ ಒಳಗೆ ನಂಬಿದ್ದಕ್ಕೂ ತಾಳೆಯಾಗದಿದ್ದಾಗ ಒಳಗಿನ ನಂಬಿಕೆಯೇ ಸಡಿಲವಾಗುತ್ತದೆ. ಕಾರ್ಯಕ್ರಮದ ಬಲ ಇದರಲ್ಲಿದೆ. ತರಬೇತಿ ಪಡೆದ ಹಿರಿಯ ವಿದ್ಯಾರ್ಥಿಗಳೇ ಇದನ್ನು ನಡೆಸಬಲ್ಲರು, ಮತ್ತು ಕಾಲೇಜಿಗೆ ಇದು ದೊಡ್ಡ ಖರ್ಚಿನ ಬಾಬತ್ತಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಹೆದರಿಸುವ ಕಾರ್ಯಕ್ರಮ. ಎಲುಬು ಕಾಣುವ ಚಿತ್ರಗಳನ್ನು ತೋರಿಸಿ, ರೋಗಿಗಳು ಹೇಗೆ ಊಟ ಬಚ್ಚಿಡುತ್ತಿದ್ದರು, ದಿನಕ್ಕೆ ಎಷ್ಟು ತಿನ್ನುತ್ತಿದ್ದರು ಎಂದು ವಿವರಿಸಿದರೆ ಆಗಲೇ ಅಂಚಿನಲ್ಲಿರುವ ವಿದ್ಯಾರ್ಥಿ ಅದನ್ನು ಎಚ್ಚರಿಕೆಯಾಗಿ ತೆಗೆದುಕೊಳ್ಳುವುದಿಲ್ಲ, ಪಾಠವಾಗಿ ತೆಗೆದುಕೊಳ್ಳುತ್ತಾಳೆ. ಸದುದ್ದೇಶದ ಸಂಘಟಕರು ದಯವಿಟ್ಟು ಇದನ್ನು ಗಮನದಲ್ಲಿಡಬೇಕು.

ಹೆಜ್ಜೆ 4: ಕಣ್ಣಿಗೆ ಬೀಳುವುದನ್ನು ನೀವೇ ಆರಿಸಿ

ಫಿಜಿ ದ್ವೀಪದ ಒಂದು ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ಸಂಶೋಧಕಿ ಆ್ಯನ್ ಬೆಕರ್ ಅಲ್ಲಿನ ಶಾಲಾ ಹುಡುಗಿಯರನ್ನು ಆಗಲೂ, ಮತ್ತೆ 1998ರಲ್ಲೂ ಮಾತನಾಡಿಸಿದರು. ತೂಕ ಇಳಿಸಲೆಂದು ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷಗಳ ನಂತರ ಶೇಕಡಾ 11ರಷ್ಟಿದ್ದರು. ಅಧ್ಯಯನ ಸಣ್ಣದು, ಆದರೂ ಮನೆಗೊಂದು ಟಿವಿ ಕೂಡ ಇರದ ಊರಿನಲ್ಲಿ ಹೀಗಾಗಿದ್ದರೆ, ಪ್ರತಿಯೊಬ್ಬರ ಜೇಬಿನಲ್ಲಿ ಪರದೆಯಿರುವ ಕಾಲದಲ್ಲಿ ನಾವು ಎಷ್ಟು ಎಚ್ಚರವಾಗಿರಬೇಕು!

ಒಂದು ಸಂಜೆ ಕೂತು ನಿಮ್ಮ ಖಾತೆಗಳನ್ನು ಜಾಲಾಡಿ. ನೋಡಿದ ಮೇಲೆ ನಿಮ್ಮ ಮೈಯ ಬಗ್ಗೆ ಬೇಸರ ಹುಟ್ಟಿಸುವ ಪುಟಗಳನ್ನೆಲ್ಲ ತೆಗೆದುಹಾಕಿ. ದಿನಕ್ಕೆ ಏನು ತಿಂದೆ ಎಂದು ತೋರಿಸುವ, ಮೊದಲು ಹೇಗಿದ್ದೆ, ಈಗ ಹೇಗಿದ್ದೇನೆ ಎಂದು ಹೋಲಿಸುವ ವಿಡಿಯೊ ಬಂದಾಗ ಆಸಕ್ತಿಯಿಲ್ಲ ಎಂಬ ಆಯ್ಕೆ ಒತ್ತಿ. ಸಿಟ್ಟಿನಿಂದ ನೋಡಿದರೂ ಆ್ಯಪ್ ಅದನ್ನು ಆಸಕ್ತಿ ಎಂದೇ ಎಣಿಸಿ ಇನ್ನಷ್ಟು ತಂದು ಸುರಿಯುತ್ತದೆ. ನಾರ್ವೆಯಲ್ಲಿ 2022ರ ಜುಲೈಯಿಂದ, ಜಾಹೀರಾತಿಗಾಗಿ ಮೈಯ ಆಕಾರ ತಿದ್ದಿದ ಚಿತ್ರಗಳ ಮೇಲೆ ಹಾಗೆಂದು ಗುರುತು ಹಾಕುವುದು ಕಡ್ಡಾಯ. ಅಂಥ ಕಾನೂನು ಇಲ್ಲದ ಕಡೆ ಆ ಅನುಮಾನವನ್ನು ನೋಡುವವರೇ ಇಟ್ಟುಕೊಳ್ಳಬೇಕು.

ಹೆಜ್ಜೆ 5: ಆಟ, ವ್ಯಾಯಾಮ

ಓಟ, ಕುಸ್ತಿ, ಜಿಮ್ನಾಸ್ಟಿಕ್ಸ್, ನೃತ್ಯದಂತಹ ತೂಕಕ್ಕೂ ಮೈಕಟ್ಟಿಗೂ ಬೆಲೆ ಕಟ್ಟುವ ಕ್ಷೇತ್ರಗಳಲ್ಲಿ ಅಪಾಯ ಹೆಚ್ಚು. ಶ್ರಮಕ್ಕೆ ತಕ್ಕಷ್ಟು ಊಟ ಇಲ್ಲದಿದ್ದರೆ ಮುಟ್ಟು ನಿಲ್ಲುವುದು, ಮೂಳೆ ಬಿರುಕು ಬಿಡುವುದು, ಆಟವೇ ಕುಸಿಯುವುದು ಆಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರಿಟ್ಟು, ಪುರುಷ ಆಟಗಾರರನ್ನೂ ಸೇರಿಸಿ ಎಚ್ಚರಿಸಿತು. ತರಬೇತುದಾರರು ಎಲ್ಲರೆದುರು ತೂಕ ನೋಡುವುದನ್ನು ಇಂದೇ ನಿಲ್ಲಿಸಲಿ. ಜ್ವರ ಬಂದರೂ, ಕಾಲು ಉಳುಕಿದರೂ ವ್ಯಾಯಾಮ ಬಿಡಲಾಗದ, ಬಿಟ್ಟ ದಿನ ಉಣ್ಣಲು ಹಿಂಜರಿಯುವ ವಿದ್ಯಾರ್ಥಿಯನ್ನು ಮೆಚ್ಚುವ ಮೊದಲು ಏನಾಗಿದೆ ಎಂದು ವಿಚಾರಿಸಿಕೊಳ್ಳಬೇಕು.

ಹೆಜ್ಜೆ 6: ಐದು ಪ್ರಶ್ನೆ ಕೇಳಿಕೊಳ್ಳಿ

ಬ್ರಿಟನ್ನಿನ ವೈದ್ಯರು 1999ರಲ್ಲಿ ಪ್ರಕಟಿಸಿದ ‘ಸ್ಕಾಫ್’ ಎಂಬ ಪುಟ್ಟ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ.

1. ಹೊಟ್ಟೆ ಅತಿಯಾಗಿ ತುಂಬಿ ಕಸಿವಿಸಿಯಾಯಿತೆಂದು ನೀವೇ ವಾಂತಿ ಮಾಡಿಕೊಳ್ಳುತ್ತೀರಾ?
2. ಎಷ್ಟು ತಿನ್ನುತ್ತೇನೆ ಎನ್ನುವುದರ ಮೇಲೆ ಹಿಡಿತ ತಪ್ಪಿದೆ ಎಂಬ ಚಿಂತೆ ಇದೆಯೇ?
3. ಕಳೆದ ಮೂರು ತಿಂಗಳಲ್ಲಿ ಸುಮಾರು ಆರು ಕಿಲೊಗಿಂತ ಹೆಚ್ಚು ಇಳಿದಿದ್ದೀರಾ?
4. ಇತರರು ನೀವು ಬಹಳ ತೆಳ್ಳಗಿದ್ದೀರಿ ಎಂದರೂ ದಪ್ಪಗಿದ್ದೇನೆ ಎಂದು ನಂಬುತ್ತೀರಾ?
5. ಊಟದ ವಿಷಯವೇ ನಿಮ್ಮ ಬದುಕನ್ನು ಆಳುತ್ತಿದೆ ಎನ್ನಬಹುದೇ?

ಎರಡಕ್ಕೆ ಹೌದು ಎಂದಾದರೆ ವೈದ್ಯರನ್ನು ಕಾಣಿ. ಇದರಿಂದ ಕಾಯಿಲೆ ಖಚಿತವಾಗುವುದಿಲ್ಲ, ವಿಚಾರಿಸಬೇಕಾದ ಕಾರಣ ಇದೆ ಎಂದಷ್ಟೇ ತಿಳಿಯುತ್ತದೆ. ಒಂದಕ್ಕೇ ಹೌದು ಎಂದು ಬಂದರೂ ಮನಸ್ಸು ನೆಮ್ಮದಿಯಿಂದ ಇಲ್ಲದಿದ್ದರೆ ಕಾಯಬೇಡಿ.

ಹೆಜ್ಜೆ 7: ಗೆಳೆಯರು ಮಾತನಾಡುವ ಬಗೆ

ಬದಲಾವಣೆಯನ್ನು ಮೊದಲು ಕಾಣುವವರು ಕೋಣೆಯ ಜೊತೆಗಾರರು. ಈಗಷ್ಟೇ ಉಂಡೆ ಎಂದು ಪ್ರತಿ ಸಲವೂ ತಪ್ಪಿಸಿಕೊಳ್ಳುವುದು, ಊಟವಾದ ತಕ್ಷಣ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಡುವುದು, ರಾತ್ರೋರಾತ್ರಿ ತಿಂಡಿ ಖಾಲಿಯಾಗುವುದು, ಸದಾ ಚಳಿ ಎನ್ನುವುದು, ಬೆರಳ ಗೆಣ್ಣಿನ ಮೇಲೆ ಗಾಯದ ಗುರುತು, ಒಟ್ಟಿಗೆ ಉಣ್ಣುವ ಸಂದರ್ಭಗಳಿಂದಲೇ ದೂರವಾಗುವುದು. ಒಂದೊಂದಕ್ಕೂ ಬೇರೆ ಕಾರಣ ಇರಬಹುದು. ಹಲವು ಸೇರಿದರೆ ಮಾತನಾಡಿ.

ಊಟದ ಮೇಜಿನ ಮುಂದೆ ಬೇಡ, ಇತರರ ಎದುರು ಬೇಡ. ಇಬ್ಬರೇ ನಡೆದು ಹೋಗುವಾಗ ಶುರುಮಾಡಬಹುದು: ‘ಕೆಲವು ವಾರಗಳಿಂದ ನೀನು ನಮ್ಮ ಜೊತೆ ಊಟಕ್ಕೆ ಬರುತ್ತಿಲ್ಲ, ನಿದ್ದೆಯೂ ಸರಿಯಿಲ್ಲದಂತೆ ಕಾಣುತ್ತದೆ. ನನಗೆ ಚಿಂತೆಯಾಗಿದೆ. ಏನಾಗಿದೆ ಎಂದು ಹೇಳುತ್ತೀಯಾ?’ ತೂಕದ ಸುದ್ದಿ ಎತ್ತಬೇಡಿ. ‘ಸುಮ್ಮನೆ ಊಟ ಮಾಡು’ ಎಂದು ಗದರಬೇಡಿ. ಅದು ಸಾಧ್ಯವಿದ್ದರೆ ಮಾಡುತ್ತಿದ್ದರು. ಸಿಟ್ಟು ಬರಬಹುದು, ಏನೂ ಇಲ್ಲ ಎನ್ನಬಹುದು. ಆಗ ವಾದಕ್ಕಿಳಿಯದೆ, ‘ಸರಿ, ಯಾವಾಗ ಹೇಳಬೇಕೆನಿಸಿದರೂ ನಾನಿದ್ದೇನೆ’ ಎಂದು ಬಿಟ್ಟು, ಕೆಲವು ದಿನ ಕಳೆದು ಮತ್ತೆ ಕೇಳಿ. ಎರಡನೆಯ, ಮೂರನೆಯ ಸಲ ಬಾಗಿಲು ತೆರೆದವರು ಬಹಳ ಜನ. ಯಾರಿಗೂ ಹೇಳುವುದಿಲ್ಲ ಎಂಬ ಮಾತು ಮಾತ್ರ ಕೊಡಬೇಡಿ. ಪ್ರಾಣದ ಪ್ರಶ್ನೆ ಬಂದಾಗ ಆ ಮಾತು ಉಳಿಸಿಕೊಳ್ಳುವಂಥದ್ದಲ್ಲ.

ನೀವು ಗೆಳೆಯರು, ಚಿಕಿತ್ಸಕರಲ್ಲ. ತಟ್ಟೆ ಕಾಯುವ ಕೆಲಸ ನಿಮ್ಮದಲ್ಲ. ವೈದ್ಯರ ಬಳಿ ಹೋಗುವಾಗ ಜೊತೆಗಿದ್ದರೆ ಅದೇ ದೊಡ್ಡ ನೆರವು.

ಹೆಜ್ಜೆ 8: ತಡಮಾಡದೆ ಚಿಕಿತ್ಸೆಗೆ

ಕಾಲೇಜಿನ ಆಪ್ತಸಮಾಲೋಚಕರು ಅಥವಾ ಸಾಮಾನ್ಯ ವೈದ್ಯರಿಂದ ಶುರುಮಾಡಿ. ನಾಡಿಬಡಿತ, ಮಲಗಿದಾಗ ಮತ್ತು ನಿಂತಾಗಿನ ರಕ್ತದೊತ್ತಡ, ರಕ್ತದಲ್ಲಿನ ಪೊಟ್ಯಾಸಿಯಂ ಮತ್ತು ಫಾಸ್ಫೇಟ್, ಇಸಿಜಿ ಇವುಗಳನ್ನು ನೋಡುವಂತೆ ಕೇಳಿಕೊಳ್ಳಿ. ರಕ್ತಪರೀಕ್ಷೆ ಸರಿಯಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ತಲೆಸುತ್ತಿ ಬೀಳುವುದು, ಎದೆನೋವು, ವಾಂತಿಯಲ್ಲಿ ರಕ್ತ, ದಿನಗಟ್ಟಲೆ ಏನನ್ನೂ ತಿನ್ನದಿರುವುದು, ಸಾಯುವ ಮಾತು ಇವುಗಳಲ್ಲಿ ಯಾವುದು ಕಂಡರೂ ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಬಹಳ ದಿನ ಹಸಿದವರಿಗೆ ಪ್ರೀತಿಯಿಂದ ಒಮ್ಮೆಲೇ ಹೊಟ್ಟೆತುಂಬ ಉಣ್ಣಿಸುವುದೂ ಅಪಾಯ: ರಕ್ತದ ಫಾಸ್ಫೇಟ್ ಹಠಾತ್ತನೆ ಕುಸಿದು ಹೃದಯಕ್ಕೆ ಪೆಟ್ಟಾಗಬಹುದು. ಮರಳಿ ಊಟ ಶುರುಮಾಡುವುದು ವೈದ್ಯರ ನಿಗಾದಲ್ಲಿ ನಡೆಯಲಿ.

ಚಿಕಿತ್ಸೆ ಇದೆ, ಗುಣವಾಗುತ್ತದೆ. ಬುಲಿಮಿಯಾ ಮತ್ತು ಬಿಂಜ್ ಈಟಿಂಗ್‌ಗೆ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆಯನ್ನೂ ನಡವಳಿಕೆಯನ್ನೂ ಹಂತ ಹಂತವಾಗಿ ತಿದ್ದುವ ಮಾತಿನ ಚಿಕಿತ್ಸೆ) ಚೆನ್ನಾಗಿ ಕೆಲಸ ಮಾಡುತ್ತದೆ. ಅನೊರೆಕ್ಸಿಯಾ ಇರುವ ಕಿರಿಯರಿಗೆ ಮನೆಯವರನ್ನು ಜೊತೆಗೂಡಿಸಿಕೊಂಡ ಚಿಕಿತ್ಸೆ ಹೆಚ್ಚು ಉಪಯುಕ್ತ. ಬೇಗ ಶುರುಮಾಡಿದಷ್ಟೂ ಫಲ ಹೆಚ್ಚು. ಲಂಡನ್ನಿನಲ್ಲಿ ಆರಂಭವಾದ ‘ಫ್ರೀಡ್’ ಎಂಬ ಸೇವೆ 16ರಿಂದ 25 ವರ್ಷದ, ಕಾಯಿಲೆ ಶುರುವಾಗಿ ಮೂರು ವರ್ಷದೊಳಗಿನವರಿಗಾಗಿಯೇ ಇರುವುದು ಈ ಕಾರಣಕ್ಕೆ. ಇನ್ನಷ್ಟು ಸೊರಗಿದರೆ ನೋಡೋಣ ಎನ್ನುವ ಸಲಹೆ ಯಾರಿಂದಲೇ ಬಂದರೂ ಒಪ್ಪಬೇಡಿ, ಇನ್ನೊಬ್ಬ ವೈದ್ಯರನ್ನು ಹುಡುಕಿ.

ಕಾಲೇಜು ಮತ್ತು ಹಾಸ್ಟೆಲ್ ಮಾಡಬೇಕಾದದ್ದು

ಊಟದ ಬಿಡುವನ್ನು ಕತ್ತರಿಸಿ ತರಗತಿ, ಪ್ರಯೋಗಾಲಯ ಇಡಬೇಡಿ. ಹಾಸ್ಟೆಲ್ ಊಟದ ಸಮಯ ಕೊನೆಯ ತರಗತಿಗಿಂತ ಮೊದಲೇ ಮುಗಿಯದಿರಲಿ. ತೂಕ ಇಳಿಸುವ ಸ್ಪರ್ಧೆ ಬೇಡ. ವಾರ್ಡನ್, ತರಬೇತುದಾರ, ಅಧ್ಯಾಪಕರಿಗೆ ಮೇಲಿನ ಲಕ್ಷಣಗಳೂ ಯಾರ ಬಳಿ ಕಳುಹಿಸಬೇಕು ಎನ್ನುವುದೂ ವರ್ಷದ ಆರಂಭದಲ್ಲೇ ಗೊತ್ತಿರಲಿ. ಸಮಾಲೋಚಕರಿಗೆ ಹೇಳಿದ್ದು ಗುಟ್ಟಾಗಿಯೇ ಉಳಿಯುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಆ ಕೊಠಡಿಗೆ ಯಾರೂ ಕಾಲಿಡುವುದಿಲ್ಲ.

ಚಿಕಿತ್ಸೆಗೆ ಹೋದ ವಿದ್ಯಾರ್ಥಿಗೆ ಹಾಜರಾತಿಯಲ್ಲಿ ವಿನಾಯಿತಿ, ಪರೀಕ್ಷೆಗೆ ಇನ್ನೊಂದು ಅವಕಾಶ ಬರಹದಲ್ಲಿ ಸಿಗಬೇಕು. ವರ್ಷ ಹಾಳಾಗುವ ಭಯಕ್ಕೇ ಚಿಕಿತ್ಸೆ ಮುಂದೂಡುವವರಿದ್ದಾರೆ. ಮರಳಿ ಬಂದ ಮೊದಲ ಸೆಮಿಸ್ಟರ್‌ನಲ್ಲಿ ಕಾಯಿಲೆ ಮರುಕಳಿಸುವ ಸಂಭವ ಇರುತ್ತದೆ. ಪಾಠದ ಹೊರೆ ಕಡಿಮೆಯಿರಲಿ, ಸಮಾಲೋಚಕರ ಭೇಟಿಯ ದಿನಗಳು ಪರೀಕ್ಷೆಯ ವಾರಗಳಿಗೂ ಮೊದಲೇ ನಿಗದಿಯಾಗಿರಲಿ, ಮತ್ತು ಊಟ ಮತ್ತೆ ತಪ್ಪತೊಡಗಿದರೆ ಯಾರಿಗೆ ಫೋನ್ ಮಾಡಬೇಕೆಂಬುದನ್ನು ವಿದ್ಯಾರ್ಥಿಯೇ ಆರಿಸಿ ಬರೆದುಕೊಡಲಿ.